ಅಂಗೈ ಉರಿ

1912, ಜನವರಿ 7, ಭಾನುವಾರ

ಬೆಳಿಗ್ಗೆ ಪ್ರಾಕ್ಟೀಸ್. ನದಿ ಚೆನ್ನಾಗಿ ಹೆಪ್ಪುಗಟ್ಟಿದೆ. ಮೇಲೆ ನಿನ್ನೆ ಬಿದ್ದ ಹಿಮ — ನಾವೇ ಪೊರಕೆ ಹಿಡಿದು ಗುಡಿಸಿದೆವು. ಬೊಹೀಮಿಯಾದ ರಾಷ್ಟ್ರೀಯ ತಂಡ, ಕೈಯಲ್ಲಿ ಪೊರಕೆ! ಸೇತುವೆ ಮೇಲಿಂದ ಹೆಂಗಸರು ನೋಡಿ ನಗುತ್ತಿದ್ದರು.

ಗೋಲಿನಲ್ಲಿ ನಾನೇ. ಚೆಂಡಿನ ಆಟ ಬಿಟ್ಟು ಈ ರಬ್ಬರ್ ಬಿಲ್ಲೆಯ ಐಸ್ ಹಾಕಿ ಹಿಡಿದು ಕೆಲವೇ ಚಳಿಗಾಲ ಆಗಿದೆ. ಚೆಂಡು ಎಗರುತ್ತದೆ, ಕಣ್ಣಿಗೆ ಬೀಳುತ್ತದೆ. ಬಿಲ್ಲೆ ಹಾಗಲ್ಲ, ಮಂಜುಗಡ್ಡೆಗೆ ಅಂಟಿಕೊಂಡು ಕಳ್ಳನ ಹಾಗೆ ಬರುತ್ತದೆ. ಎದುರಿನಿಂದ ಬಂದದ್ದನ್ನೆಲ್ಲ ತಡೆದೆ. ಎಡಗಡೆಯಿಂದ ಬಂದದ್ದು ಒಂದೂ ಕಾಣಲಿಲ್ಲ. ಬಲೆ ಅಲುಗಿದ ಮೇಲೆ ಗೊತ್ತಾಯಿತು.

ಕ್ವಿಡೋ ಜಾರಿಕೊಂಡು ಹತ್ತಿರ ಬಂದ. ಗೋಲಿನ ಮುಂದೆ ಕಾವಲಿಗೆ ನಿಲ್ಲುವವನು ಅವನೇ. ಒಂದೇ ಬೀದಿಯವರು ನಾವು, ಶಾಲೆಯಲ್ಲಿ ಒಂದೇ ಬೆಂಚು.

"ಏನೋ ಪ್ರೋಕೊಪ್, ನಿಂತ್ಕೊಂಡೇ ನಿದ್ದೆ ಹೊಡೀತಿದೀಯಾ? ನಮ್ಮಜ್ಜಿ ಆಗಿದ್ರೆ ಲಂಗ ಹರಡಿ ತಡೀತಿದ್ಲು ಅದನ್ನ!"

"ಬಿಸಿಲು ಕಣ್ಣಿಗೆ ಹೊಡೀತು ಕಣೋ."

"ಎಲ್ಲಿದ್ಯಪ್ಪಾ ಬಿಸಿಲು?"

ತಲೆ ಎತ್ತಿ ನೋಡಿದೆ. ಬೂದಿ ಬಣ್ಣದ ಆಕಾಶ. ಸುಳ್ಳು ಹೇಳುವುದಕ್ಕೂ ಕಣ್ಣು ಬೇಕು.

ಡಾಕ್ಟರ್ ಹೇಳಿದ್ದು ನವೆಂಬರಿನಲ್ಲಿ. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದಂತೆ, ಆಮೇಲೆ ಅಕ್ಕಪಕ್ಕ, ಕೊನೆಗೆ ನಡುವೆ ಉಳಿದಿರುವುದೂ. ಔಷಧ? ಇಲ್ಲ. ಆಪರೇಷನ್? ಅದೂ ಇಲ್ಲ. "ನಿಮ್ಮ ತಂದೆಯವರಿಗೆ ಹೇಗಿತ್ತು?" ಎಂದರು. ಹೀಗೇ ಇತ್ತು ಎಂದೆ. ತಲೆಯಾಡಿಸಿ, ಎದ್ದು ಹೋಗಿ ಕೈ ತೊಳೆದುಕೊಂಡರು.

ಹಾಗಾಗಿ ಇದು ನನ್ನ ಕೊನೆಯ ಚಳಿಗಾಲ. ಫೆಬ್ರವರಿಯಲ್ಲಿ ಯುರೋಪಿನ ಚಾಂಪಿಯನ್‌ಷಿಪ್, ಅದೂ ನಮ್ಮ ಪ್ರಾಗ್‌ನಲ್ಲೇ. ಅದೊಂದು ಆಡಿಬಿಟ್ಟರೆ ಸಾಕು. ಗೆದ್ದರೆ ಕ್ಲಬ್ಬಿನ ಗೋಡೆಗೆ ಬೆಳ್ಳಿ ಫಲಕ ಹಾಕಿಸಿ ಎಲ್ಲರ ಹೆಸರು ಕೆತ್ತಿಸುತ್ತಾರಂತೆ. ಕೆತ್ತಿದ ಹೆಸರು ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಮುದುಕನಾದಾಗ ಹೋಗಿ ಸವರಿಕೊಂಡು ಬರಬಹುದು. ಇಷ್ಟೇ ನನಗೆ ಬೇಕಾದದ್ದು. ದೊಡ್ಡ ಆಸೆ ಏನಲ್ಲ.

ಜನವರಿ 10, ಬುಧವಾರ

ಕ್ಲಬ್ಬಿನ ಸಭೆ. ಎಂದಿನ ಬಿಯರ್ ಅಂಗಡಿ, ಹಿಂದಿನ ಕೋಣೆ. ಹೊಗೆ. ಸಾಸೇಜು ಚೆನ್ನಾಗಿತ್ತು.

ಕ್ಯಾಪ್ಟನ್ ಝೆಲಿಂಕಾ ಎದ್ದು ನಿಂತ. ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವನು, ಊಟಕ್ಕೂ ನಿಯಮ ನೋಡಿ ಕೂರುವ ಮನುಷ್ಯ. "ಜರ್ಮನಿಯವರು ಬರೋದು ಖಾತ್ರಿ. ಬೇರೆಯವರು ಆಗಲ್ಲ ಅಂದ್ರು. ವಿಯೆನ್ನಾದವರನ್ನ ಕರೀಬೇಕಾ ಬೇಡ್ವಾ, ಅದನ್ನ ಇವತ್ತು ತೀರ್ಮಾನ ಮಾಡ್ಬೇಕು."

"ಕರೀರಿ ಕ್ಯಾಪ್ಟನ್ರೇ! ಇದನ್ನೂ ಕೇಳ್ಬೇಕಾ?"

"ಸ್ವಲ್ಪ ತಡ್ಕೊಳ್ರಪ್ಪಾ. ಅವರಿನ್ನೂ ಅಂತರರಾಷ್ಟ್ರೀಯ ಸಂಘದ ಸದಸ್ಯರಲ್ಲ. ಅರ್ಜಿ ಹಾಕಿದಾರೆ, ಒಪ್ಪಿಗೆ ಬಂದಿಲ್ಲ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ—"

ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ನಗು, ಮೇಜು ಗುದ್ದುವ ಸದ್ದು. ಕ್ವಿಡೋ ಕುರ್ಚಿ ಮೇಲೆ ಹತ್ತಿದ. "ಕೇಳಿದ್ರೇನ್ರೋ! ಸಾಮ್ರಾಜ್ಯ ಅವರದು, ಸದಸ್ಯತ್ವ ನಮ್ಮದು! ಅವರು ಬಾಗಿಲಾಚೆ ಟೋಪಿ ಹಿಡ್ಕೊಂಡು ನಿಂತಿದಾರೆ!"

ಅದಕ್ಕಿಂತ ರುಚಿಯಾದ ಮಾತು ಈ ಊರಿನಲ್ಲಿ ಬೇರೆ ಇಲ್ಲ. ನಮ್ಮನ್ನು ಆಳುವವರು ವಿಯೆನ್ನಾದವರು. ಅಂಚೆಚೀಟಿಯ ಮೇಲೆ ಅವರ ಚಕ್ರವರ್ತಿಯ ಗಡ್ಡ, ಸೈನ್ಯದಲ್ಲಿ ಅವರ ಭಾಷೆ, ತೆರಿಗೆ ಅವರ ಪೆಟ್ಟಿಗೆಗೆ. ಗಡ್ಡೆಯ ಮೇಲೆ ಮಾತ್ರ ನಾವು ನಾವೇ, ಎದೆ ಮೇಲೆ ನಮ್ಮ ಲಾಂಛನದ ಸಿಂಹ. ಅಲ್ಲಿ ಅವರನ್ನು ಎದುರಿಗೆ ನಿಲ್ಲಿಸಿ ಬಡಿಯುವ ಅವಕಾಶ — ಯಾವುದೋ ಒಪ್ಪಿಗೆ ಕಾಗದ ಬಂದಿಲ್ಲ ಅಂತ ಬಿಡುವುದುಂಟೆ? ಬೇರೆ ಯಾವ ದೇಶದವರಾದರೂ ಕಾಗದ ಬರಲಿ ಎಂದು ಕಾಯುತ್ತಿದ್ದರು. ನಮಗೆ ಅಷ್ಟು ತಾಳ್ಮೆ ಎಲ್ಲಿ?

ಕರೆಯಬೇಕು ಎನ್ನುವವರು ಕೈ ಎತ್ತಿ ಎಂದ ಝೆಲಿಂಕಾ. ಮೊದಲು ಎತ್ತಿದ ಕೈ ನನ್ನದು. ವಿಯೆನ್ನಾ ಬರದಿದ್ದರೆ ಆಡುವುದು ಜರ್ಮನಿಯ ಜೊತೆ ಒಂದೇ ಪಂದ್ಯ. ಒಂದಕ್ಕಿಂತ ಎರಡು ಆಡಬೇಕು ನನಗೆ.

ಅವನೊಬ್ಬನೇ ಕೈ ಕೆಳಗಿಟ್ಟುಕೊಂಡು ಕೂತಿದ್ದ. ಆಮೇಲೆ ಅವನೂ ನಕ್ಕು ಬಿಯರ್ ತರಿಸಿದ.

ಜನವರಿ 14, ಭಾನುವಾರ

ಆಲೂಗಡ್ಡೆ ಸೂಪು. ಜಗಳ.

ಅಪ್ಪ ಕೈಗವಸಿನ ಚರ್ಮ ಕತ್ತರಿಸುತ್ತಿದ್ದವನು. ಮನೆ ಮೇಲೆ, ಅಂಗಡಿ ಕೆಳಗೆ. ಈಗ ಆ ಕತ್ತರಿ ನನ್ನ ಕೈಯಲ್ಲಿ. ಕಣ್ಣು ಹೋದ ಮೇಲೆ ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ಚರ್ಮ ಆರಿಸುತ್ತಿದ್ದ — ಮೇಕೆಮರಿಯದು ಈ ಕಡೆ, ಕುರಿಮರಿಯದು ಆ ಕಡೆ. ಬೆರಳು ಅಷ್ಟೇನೂ ಚುರುಕಿರಲಿಲ್ಲ ಪಾಪ. ತಪ್ಪುತ್ತಿದ್ದ. ಅಮ್ಮ ಸದ್ದಾಗದ ಹಾಗೆ ಒಂದು ರಾಶಿಯಿಂದ ತೆಗೆದು ಇನ್ನೊಂದಕ್ಕೆ ಇಡುತ್ತಿದ್ದಳು. "ಎಲ್ಲಾ ಸರಿಯಾಗಿದೆ ಕಣ್ರೀ" ಎನ್ನುತ್ತಿದ್ದಳು. ಅಪ್ಪ ಮೀಸೆಯಲ್ಲೇ ನಗುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ.

ಆ ಕಾಲದಲ್ಲಿ ಮನೆಯ ಒಂದು ಸಾಮಾನೂ ಜಾಗ ಬಿಟ್ಟು ಕದಲುವಂತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಏನಾಯಿತೋ, ಮನಸ್ಸು ಬಂದಾಗಲೆಲ್ಲ ಮೇಜು ಅಲ್ಲಿಗೆ, ಕಪಾಟು ಇಲ್ಲಿಗೆ. ಅವಳಿಗೆ ಅದೇ ಹಬ್ಬ.

ಇವತ್ತು ತಂಗಿ ಮಿಲಾದಾ ಬೆಳಕಿಗೆಂದು ಹೊಲಿಗೆ ಕುರ್ಚಿಯನ್ನು ನಡುಮನೆಗೆ ಎಳೆದಳು. ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಇಟ್ಟಿದ್ದನ್ನ ಇಟ್ಟ ಜಾಗದಲ್ಲೇ ಇರಕ್ಕೆ ಬಿಡೇ! ಎಷ್ಟು ಸಲ ಹೇಳೋದು ನಿಂಗೆ?"

"ಎಲ್ಲಮ್ಮಾ ಹೇಳಿದೀಯ? ಹೋದ ವಾರ ನೀನೇ ಅಲ್ವಾ ಇದನ್ನ ಕಿಟಕಿ ಹತ್ರ ಎಳೆದಿದ್ದು?"

"ಇನ್ಮೇಲೆ ಎಳೆಯಲ್ಲ. ಯಾರೂ ಎಳೀಬಾರ್ದು."

ಮಿಲಾದಾ ನನ್ನ ಮುಖ ನೋಡಿದಳು. ನಾನು ಸೂಪಿನ ಬಟ್ಟಲು ನೋಡಿದೆ. ಅಮ್ಮ ಒಳಗೆ ಹೋಗಿ ಜೋರಾಗಿ ಸೌಟು ಆಡಿಸುತ್ತಿದ್ದಳು. ನಾನು ಹೇಳಿಲ್ಲ. ಡಾಕ್ಟರ ಹತ್ತಿರ ಹೋದದ್ದನ್ನೂ ಹೇಳಿಲ್ಲ. ಆದರೂ ಅವಳಿಗೆ ಗೊತ್ತು.

ಜನವರಿ 21, ಭಾನುವಾರ

ಕ್ವಿಡೋಗೂ ಗೊತ್ತಾಯಿತು.

ಪ್ರಾಕ್ಟೀಸ್ ಮುಗಿಸಿ ದಡದಲ್ಲಿ ಸ್ಕೇಟ್ಸ್ ಬಿಚ್ಚುತ್ತಿದ್ದೆ. ಎಡಗಡೆ ಕೂತವನು ಬನ್ನು ಚಾಚಿಕೊಂಡೇ ಇದ್ದನಂತೆ, ನನ್ನ ಕಿವಿ ಹತ್ತಿರ. ನಾನು ಲೇಸಿನ ಗಂಟಿನ ಜೊತೆ ಗುದ್ದಾಡುತ್ತಿದ್ದೆ.

"ಗಸಗಸೆ ಬನ್ನು ಬೇಡ ಅನ್ನೋ ಜನ್ಮ ಅಲ್ಲ ನಿಂದು," ಎಂದ. ದನಿ ಬೇರೆಯಾಗಿತ್ತು. "ಕಾಣ್ತಿಲ್ಲ, ಅಲ್ವೇನೋ?"

ಲೇಸು ಎಳೆದೆ, ಗಂಟು ಇನ್ನೂ ಬಿಗಿಯಾಯಿತು.

"ನಿಮ್ಮಪ್ಪನ ಥರಾನೇ?"

"ಹೂಂ."

ತುಂಬಾ ಹೊತ್ತು ಬೈದ. ಯಾರನ್ನೋ ಗೊತ್ತಿಲ್ಲ, ದೇವರನ್ನಿರಬೇಕು. ಆಮೇಲೆ ನನ್ನ ಕಡೆ ತಿರುಗಿದ. "ಝೆಲಿಂಕಾಗೆ ಹೇಳ್ಬಿಡು. ದಪ್ಪ ಮೆಥೋಡ್ ಇದಾನಲ್ಲ, ಅವನು ನಿಲ್ಲಲಿ ಗೋಲಿಗೆ. ಅರ್ಧ ಗೋಲು ಅವನ ಹೊಟ್ಟೇನೇ ಮುಚ್ಚುತ್ತೆ."

"ಇದೊಂದೇ ಕ್ವಿಡೋ. ಇದಾದ್ಮೇಲೆ ನಾನಾಗೇ ಬಿಡ್ತೀನಿ."

"ಮುಖಕ್ಕೆ ಬಡಿದ್ರೆ? ಕಣ್ಣಿಗೇ ಬಡಿದ್ರೆ?"

"ಬಡಿದ್ರೆ ಏನು ನಷ್ಟ?"

ಹಾಗೆ ಹೇಳಬಾರದಿತ್ತು. ಅವನ ಮುಖ ಸಣ್ಣದಾಯಿತು. ಬನ್ನು ಮುರಿದು ದೊಡ್ಡ ತುಂಡು ನನಗೆ ಕೊಟ್ಟ. ಅಗಿಯುತ್ತ ಕೂತೆವು. ಕೊನೆಗೆ ಅವನೇ ಒಂದು ದಾರಿ ಹೇಳಿದ. ಎಡಬಲ ಎರಡೂ ಅವನು ಮುಚ್ಚುತ್ತಾನೆ. ನಡುವೆ ಮಾತ್ರ ದಾರಿ ಬಿಡುತ್ತಾನೆ. ನಡುವೆ ಬಂದದ್ದು ನನ್ನದು. ಅವನ ಕೈತಪ್ಪಿ ಪಕ್ಕದಿಂದ ಬಂದರೆ "ಎಡಕ್ಕೆ!" "ಬಲಕ್ಕೆ!" ಎಂದು ಕೂಗುತ್ತಾನೆ. ನಾನು ಕಣ್ಣು ನಂಬದೆ ಅವನ ಗಂಟಲು ನಂಬಬೇಕು.

"ಗೆದ್ದ ದಿನ ರಾಜೀನಾಮೆ. ಆಣೆ ಮಾಡು."

ಮಾಡಿದೆ.

ಜನವರಿ 29, ಸೋಮವಾರ

ಕರಗುತ್ತಿದೆ!

ದಕ್ಷಿಣದ ಗಾಳಿ. ಸೂರಿನಿಂದ ತೊಟ ತೊಟ. ಪಂದ್ಯಾವಳಿಗೆಂದು ಲೆಟ್ನಾ ಬಯಲಿನಲ್ಲಿ ಮಣ್ಣಿನ ಬದು ಕಟ್ಟಿ ನೀರು ಬಿಟ್ಟು ಗಡ್ಡೆ ಮಾಡಿದ್ದರು. ಸಂಜೆ ಹೋಗಿ ನೋಡಿದರೆ ಮೇಲೆಲ್ಲ ನೀರು ನಿಂತಿದೆ, ಅದರಲ್ಲಿ ಒಂದು ಬಾತುಕೋಳಿ. ಯಾರ ಮನೆಯದೋ. ಝೆಲಿಂಕಾ ಛತ್ರಿ ಬೀಸಿ ಓಡಿಸಿದ.

ಪಂದ್ಯಾವಳಿ ಮುಂದಕ್ಕೆ ಹೋದರೆ? ಮಾರ್ಚಿಗೆ, ಇಲ್ಲ ಮುಂದಿನ ವರ್ಷಕ್ಕೆ? ಬೇರೆಯವರಿಗೆ ಮುಂದಿನ ವರ್ಷ ಅಂತ ಒಂದಿದೆ.

ಸಂಜೆ ಮೆಟ್ಟಿಲಲ್ಲಿ ಬಕೆಟ್ ಎಡವಿದೆ. ಅಮ್ಮ ಬಕೆಟ್ ಎತ್ತಿ ಬೇರೆ ಕಡೆ ಇಟ್ಟಳು.

ಜನವರಿ 31, ಬುಧವಾರ

ಚಳಿ ಮರಳಿತು. ಕಿಟಕಿಯಲ್ಲಿ ಹಿಮದ ಹೂವು. ಕುಣಿಯುವುದೊಂದು ಬಾಕಿ. ಮೇಕೆಮರಿ ಚರ್ಮದಲ್ಲಿ ಹೊಸ ಕೈಗವಸು ಹೊಲಿದುಕೊಂಡೆ, ಅಂಗೈಗೆ ಎರಡು ಪದರ. ಮೂರು ಹಾಕು ಎಂದಳು ಮಿಲಾದಾ. ಬೇಡ. ಮೂರಾದರೆ ಬಿಲ್ಲೆ ಬಡಿದದ್ದು ಗೊತ್ತಾಗುವುದಿಲ್ಲ. ಉರಿಯಬೇಕು. ಉರಿದರೇ ಹಿಡಿದ ಹಾಗೆ.

ಫೆಬ್ರವರಿ 2, ಶುಕ್ರವಾರ

ಮೇಣದಬತ್ತಿ ಹಬ್ಬ. ಅಮ್ಮ ಬೆಳಿಗ್ಗೆಯೇ ಚರ್ಚಿಗೆ ಹೋಗಿ ಮಂತ್ರಿಸಿದ ಬತ್ತಿ ತಂದಿದ್ದಳು. ನನ್ನ ಮುಖದ ಮುಂದೆ ಅದನ್ನು ಆ ಕಡೆ ಈ ಕಡೆ ಆಡಿಸಿದಳು. ಆಶೀರ್ವಾದವೋ ಪರೀಕ್ಷೆಯೋ ತಿಳಿಯಲಿಲ್ಲ.

ಬರೆಯಲು ಕೈ ಬರುತ್ತಿಲ್ಲ. ಅಂಗೈ ಕೆಂಪಗೆ ಊದಿಕೊಂಡು ಭಗಭಗ ಉರಿಯುತ್ತಿದೆ. ಎಂಥ ಸುಖ!

ಐದು – ಸೊನ್ನೆ. ವಿಯೆನ್ನಾಕ್ಕೆ ಸೊನ್ನೆ. ಆ ಸೊನ್ನೆ ನನ್ನದು!

ಬೆಳಗಿನ ಬಿಸಿಲು, ಗಡ್ಡೆ ಗಾಜಿನ ಹಾಗೆ. ಬದುವಿನ ಸುತ್ತ ಜನವೋ ಜನ, ಮರದ ಮೇಲೂ. ವಿಯೆನ್ನಾದವರು ಕವಾಯತಿಗೆ ಬಂದ ಸಿಪಾಯಿಗಳ ಹಾಗೆ ನೇರ ನಡುವೆಯೇ ಬಂದರು. ಕ್ವಿಡೋ ಎರಡು ಪಕ್ಕ ಮುಚ್ಚಿ ಬಾಗಿಲು ತೆರೆದ ಹಾಗೆ ನಡುವೆ ಬಿಟ್ಟಿದ್ದ. ಒಂದೊಂದೂ ಕಂಡಿತು. ಬಿಲ್ಲೆಯ ಅಂಚಿನಲ್ಲಿದ್ದ ಗೀರೂ ಕಂಡಿತು. ಕಾಲು, ಕೋಲು, ಎದೆ, ಅಂಗೈ — ಎಲ್ಲದರಿಂದ ತಡೆದೆ. ಒಂದೇ ಒಂದು ಪಕ್ಕದಿಂದ ಬಂತು. "ಎಡಕ್ಕೆ!" ಎಂದ. ನೋಡದೇ ಕೈ ಚಾಚಿದೆ. ಚಟ್! ಕೈ ಭುಜದವರೆಗೆ ಹೊತ್ತಿಕೊಂಡಿತು. ಜನ ಕಿರುಚಿದಾಗಲೇ ಹಿಡಿದಿದ್ದೇನೆ ಎಂದು ನಂಬಿಕೆ ಬಂದದ್ದು.

ಆಟ ಮುಗಿದ ಮೇಲೆ ವಿಯೆನ್ನಾದ ಗೋಲ್‌ಕೀಪರ್ ಬಂದು ಕೈ ಕುಲುಕಿದ. ಒಳ್ಳೆಯವನು. "ನಿಮಗೆ ಬೆನ್ನಲ್ಲೂ ಕಣ್ಣಿದೆ" ಎಂದ, ಅವನ ಭಾಷೆಯಲ್ಲಿ. ಕ್ವಿಡೋ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಅಮ್ಮ ಬಾತುಕೋಳಿ ಕೊಬ್ಬು ಬಿಸಿ ಮಾಡಿ ಅಂಗೈಗೆ ಹಚ್ಚಲು ಬಂದಳು. ಬೇಡ ಅಂದೆ. ಆರಿಬಿಡುತ್ತದೆ.

ಫೆಬ್ರವರಿ 3, ಶನಿವಾರ

ಜರ್ಮನಿ – ವಿಯೆನ್ನಾ ಪಂದ್ಯ ನೋಡಿದೆವು. ಜರ್ಮನಿ ಗೆದ್ದಿತು, ಆದರೆ ನಮ್ಮಷ್ಟು ದೊಡ್ಡದಾಗಿ ಅಲ್ಲ, ಗೋಲೂ ಬಿಟ್ಟುಕೊಂಡಿತು. ಝೆಲಿಂಕಾ ಲೆಕ್ಕ ಹಾಕಿ ಹೇಳಿದ, ನಾಳೆ ಸಮ ಆದರೂ ಸಾಕು, ಚಾಂಪಿಯನ್ ನಾವೇ.

ನಮ್ಮ ಪಂದ್ಯ ನಾಳೆ ಬೆಳಿಗ್ಗೆ. ಬೆಳಕಿರುತ್ತದೆ.

ಫೆಬ್ರವರಿ 4, ಭಾನುವಾರ

ಬೆಳಿಗ್ಗೆ ಆಗಲಿಲ್ಲ. ಬಿಸಿಲಿಗೆ ಗಡ್ಡೆ ಮೆತ್ತಗಾಗಿ ಸ್ಕೇಟು ಹೂತುಕೊಳ್ಳುತ್ತಿತ್ತು. ಎರಡೂ ಕ್ಯಾಪ್ಟನ್‌ಗಳು ಮಾತಾಡಿದರು — ಸೂರ್ಯ ಇಳಿದು ಗಡ್ಡೆ ಬಿಗಿಯಾದ ಮೇಲೆ ಶುರು ಮಾಡೋಣ. ಎಲ್ಲರಿಗೂ ಒಪ್ಪಿಗೆ. ಕ್ವಿಡೋ ನನ್ನ ಮುಖ ನೋಡಿದ.

"ಹೊಟ್ಟೆ ನೋವು ಅಂದ್ಬಿಡೋ," ಎಂದ ಕಿವಿಯಲ್ಲಿ. "ಮೆಥೋಡ್ ಸ್ಕೇಟ್ಸ್ ಕಟ್ಕೊಂಡೇ ಕೂತಿದಾನೆ."

"ನೀನಿದೀಯಲ್ಲ."

"ಜನದ ಗಲಾಟೇಲಿ ನಾನು ಕೂಗಿದ್ದು ಕೇಳ್ಸುತ್ತೇನೋ?"

"ಕೇಳ್ಸುತ್ತೆ."

ಕೇಳಿಸಲಿಲ್ಲ.

ಮೊದಲರ್ಧ ಹೇಗೋ ಕಳೆಯಿತು. ನಾವು ಎರಡು ಹೊಡೆದೆವು. ಎರಡನೇ ಅರ್ಧಕ್ಕೆ ಬಯಲೆಲ್ಲ ಮಸುಕು. ಬೇರೆಯವರಿಗೆ ಇನ್ನೂ ಬೆಳಕಿತ್ತಂತೆ. ನನಗೆ ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದು ಬೂದು ತುಣುಕು ಮಾತ್ರ, ಅದರಲ್ಲಿ ನೆರಳು ಓಡಾಡುತ್ತಿದ್ದವು. ಜರ್ಮನಿಯ ಉದ್ದನೆಯವನೊಬ್ಬ ಎಡಗಡೆಯಿಂದಲೇ ಬರತೊಡಗಿದ. ಮೊನ್ನೆ ಬದುವಿನ ಮೇಲೆ ಕೂತು ನಮ್ಮ ಆಟ ನೋಡುತ್ತಿದ್ದವನು ಅವನೇ ಇರಬೇಕು. ಸ್ಕೇಟಿನ ಕರಕರ ಕೇಳಿಸಿತು. ಕೈ ಚಾಚಿದೆ. ಏನೂ ಬಡಿಯಲಿಲ್ಲ. ಹಿಂದೆ ಬಲೆ ಅಲುಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದೇ ಕಡೆಯಿಂದ. ಕ್ವಿಡೋ ಕೂಗಿ ಕೂಗಿ ಗಂಟಲು ಒಡೆದುಕೊಂಡಿದ್ದ. ನನಗೆ ಕೇಳಿದ್ದು ಜನರ ಹುಯಿಲು ಮಾತ್ರ.

ಎರಡು – ಎರಡು. ಕೊನೆಯ ಹೊತ್ತನ್ನು ಹೇಗೆ ಕಳೆದೆನೋ. ಗೋಲಿನ ಕಂಬ ತಬ್ಬಿಕೊಂಡು ನಿಂತಿದ್ದೆ. ಸೀಟಿ. ಟೋಪಿಗಳು ಹಾರಿದವು. ಚಾಂಪಿಯನ್ ನಾವೇ. ವಿಯೆನ್ನಾದ ಮೇಲೆ ಬಂದ ಆ ಐದು, ಆ ಸೊನ್ನೆ — ಅದೇ ಕಾಪಾಡಿದ್ದು. ಎಲ್ಲರೂ ನನ್ನನ್ನು ಎತ್ತಿ ತೂರಿದರು. ಮೇಲೆ ಹೋದಾಗ ಆಕಾಶ ಕಾಣಲಿಲ್ಲ, ಕೆಳಗೆ ಬಂದಾಗ ನೆಲ ಕಾಣಲಿಲ್ಲ.

ಬಟ್ಟೆ ಬದಲಿಸುವಾಗ ಯಾರೋ ಕೇಳಿದರು, ಆ ಎರಡು ಗೋಲು ಹೇಗಪ್ಪಾ ಹೋದವು? ನಾನು ಬಾಯಿ ತೆರೆಯುವ ಮೊದಲೇ ಕ್ವಿಡೋ, "ನಂದೇ ಕಣ್ರೋ ತಪ್ಪು. ಆ ಉದ್ದಪ್ಪನ್ನ ಬಿಟ್ಟುಬಿಟ್ಟೆ. ಇವನಿಗೆ ಅಡ್ಡ ನಿಂತಿದ್ದೆ, ಇವನೇನು ಮಾಡ್ತಾನೆ ಪಾಪ" ಎಂದ.

ಸುಮ್ಮನಿದ್ದೆ. ಇವತ್ತು ಅಂಗೈ ಉರಿಯುತ್ತಿಲ್ಲ.

ಫೆಬ್ರವರಿ 5, ಸೋಮವಾರ

ತಲೆ ನೋವು. ಪತ್ರಿಕೆಯಲ್ಲಿ ನಮ್ಮೆಲ್ಲರ ಹೆಸರು. 'ಎರಡೂ ಗೋಲಿಗೆ ಕ್ವಿಡೋನ ಅಜಾಗರೂಕತೆ ಕಾರಣ' ಎಂದು ಬರೆದಿದ್ದಾರೆ. ಅಂಗಡಿಗೆ ಬಂದವನು ಅದನ್ನು ನಾಟಕದ ದನಿಯಲ್ಲಿ ಓದಿ ಮಿಲಾದಾಳನ್ನು ನಗಿಸಿದ. ನನ್ನ ಕೈಗೆ ಸಿಗಲಿಲ್ಲ, ಹೊರಟುಹೋದ.

ಝೆಲಿಂಕಾಗೆ ಹೇಳಿಬಿಟ್ಟೆ, ಇನ್ನು ಆಡುವುದಿಲ್ಲ ಎಂದು. ಕಾರಣ ಹೇಳಲಿಲ್ಲ, ಅಂಗಡಿ ಕೆಲಸ ಎಂದೆ. ಬೇಜಾರು ಮಾಡಿಕೊಂಡ. ಫಲಕಕ್ಕೆ ಬೆಳ್ಳಿ ಬಂದಿದೆಯಂತೆ. ಕೆತ್ತುವವನು ನಿಧಾನಸ್ಥ. ಈಸ್ಟರ್ ಹೊತ್ತಿಗೆ ಗೋಡೆಗೆ ಬರುತ್ತದೆ ಎಂದ. ಅಕ್ಷರ ಆಳವಾಗಿ ಕೆತ್ತಲು ಹೇಳಿ ಎಂದೆ. ಯಾಕೆ ಎಂದ. ಸುಮ್ಮನೆ.

ಮಾರ್ಚ್ 25, ಸೋಮವಾರ

ಬರೆಯಬೇಕು. ಕೂತು ಬಹಳ ಹೊತ್ತಾಯಿತು.

ಎಲ್ಲರೂ ಬನ್ನಿ ಎಂದು ಝೆಲಿಂಕಾ ಹೇಳಿ ಕಳಿಸಿದ್ದ. ಫಲಕ ಬಂತು ಎಂದುಕೊಂಡು ಒಳ್ಳೆಯ ಕೋಟು ಹಾಕಿಕೊಂಡು ಹೋದೆ. ಹಿಂದಿನ ಕೋಣೆ, ಯಾರೂ ಬಿಯರ್ ಮುಟ್ಟಿರಲಿಲ್ಲ.

"ಬ್ರಸೆಲ್ಸ್‌ನಲ್ಲಿ ಸಂಘದ ಸಭೆ ಆಯ್ತು," ಎಂದ ಝೆಲಿಂಕಾ. "ತಕರಾರು ಬಂದಿತ್ತು. ವಿಯೆನ್ನಾ ಆಗಿನ್ನೂ ಸದಸ್ಯ ಆಗಿರ್ಲಿಲ್ಲ. ಆದ್ರಿಂದ ಇಡೀ ಪಂದ್ಯಾವಳಿ ರದ್ದು."

"ರದ್ದು ಅಂದ್ರೆ?"

"ನಡೆದೇ ಇಲ್ಲ ಅಂತ."

"ನಾವು ಆಡಿದ್ದು?" ಎಂದ ಮೆಥೋಡ್. ಒಂದು ನಿಮಿಷವೂ ಆಡದವನು.

"ಆಡಿಲ್ಲ."

"ಹೊಡೆದ ಗೋಲು?"

"ಹೊಡೆದಿಲ್ಲ."

"ಮತ್ತೆ ನನ್ನ ಮುಂದಿನ ಹಲ್ಲು ಎಲ್ಲಿ ಹೋಯ್ತು ಕ್ಯಾಪ್ಟನ್ರೇ?" ಯಾರೋ ಮೂಲೆಯಿಂದ.

"ಬ್ರಸೆಲ್ಸ್‌ಗೆ ಬರೆದು ಕೇಳು."

ನಗು ಒಂದು ಸುತ್ತು ಬಂದು ಸತ್ತಿತು. ಝೆಲಿಂಕಾ ಯಾರನ್ನೂ ಬೈಯಲಿಲ್ಲ. ಆವತ್ತೇ ಹೇಳಿದ್ದೆ ಎನ್ನಬಹುದಿತ್ತು, ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮೊದಲು ಎತ್ತಿದ ಕೈ ನನ್ನದು. ಮೇಜಿನ ಕೆಳಗೆ ಅದನ್ನು ತೊಡೆಗೆ ಒತ್ತಿಕೊಂಡು ಕೂತಿದ್ದೆ. ವಿಯೆನ್ನಾ ಬರದಿದ್ದರೆ ಆ ಸೊನ್ನೆ ಇಲ್ಲ. ಬಂದದ್ದಕ್ಕೆ ಈಗ ಏನೂ ಇಲ್ಲ.

ಫಲಕ ಎಂದೆ.

"ನಿಲ್ಲಿಸಿದೀನಿ. ನನ್ನ ಹೆಸರೊಂದು ಮುಗಿದಿತ್ತು. ಉಜ್ಜಿ ಅಳಿಸಿ, ಬೆಳ್ಳಿ ವಾಪಸ್ ಕೊಡ್ತಾರೆ."

ಕ್ವಿಡೋ ಎದ್ದು ನಿಂತು ಲೋಟ ಎತ್ತಿದ. "ಸಾಯ್ಲಿ ಬಿಡ್ರೋ! ಮುಂದಿನ ವರ್ಷ ಮತ್ತೆ ಬಡಿಯೋಣ! ಸದಸ್ಯರಾಗಿ ಬಂದು ಒದೆ ತಿನ್ನಲಿ!" ಎಲ್ಲರೂ ಕೂಗಿದರು, ಮುಂದಿನ ವರ್ಷ! ಮುಂದಿನ ವರ್ಷ! ಅಷ್ಟರಲ್ಲಿ ಅವನಿಗೆ ನೆನಪಾಗಿರಬೇಕು. ನನ್ನ ಕಡೆ ತಿರುಗಿದ. ಲೋಟ ಇಳಿಸಿಬಿಟ್ಟ.

ಪರವಾಗಿಲ್ಲ ಎಂದು ಕೈ ಬೀಸಿದೆ. ಪರವಾಗಿಲ್ಲ ಅನ್ನುವುದು ಸುಳ್ಳು.

ಮಾರ್ಚ್ 26, ಮಂಗಳವಾರ

ಅಮ್ಮನಿಗೆ ಹೇಳಿದೆ. "ಆಡ್ಲಿಲ್ಲ ಅಂದ್ರೆ? ನಾನೇ ಬದುವಿನ ಮೇಲೆ ನಿಂತು ನೋಡಿದೀನಲ್ಲೋ!" ಎಂದಳು. "ಅವರು ಅಲ್ಲಿ ಕೂತ್ಕೊಂಡು ಹೇಗೆ ಹೇಳ್ತಾರೆ?"

ಕಣ್ಣಿದ್ದವರು ಹೇಳುತ್ತಾರೆ, ಆಗಲಿಲ್ಲ ಎಂದು. ನಾನು ಕಣ್ಣಾರೆ ಕಂಡ ಕೊನೆಯ ಒಳ್ಳೆಯ ದಿನ ಅದು. ಅದನ್ನೇ ಆರಿಸಿ ತೆಗೆದುಹಾಕಿದರು. ನನ್ನ ಮೇಲಿನ ದ್ವೇಷಕ್ಕೇನಲ್ಲ. ನಾನು ಯಾರೆಂದು ಅವರಿಗೆ ಗೊತ್ತೂ ಇಲ್ಲ. ಅದಕ್ಕೇ ಇಷ್ಟು ಸಿಟ್ಟು.

ಅಕ್ಟೋಬರ್ 13, ಭಾನುವಾರ

ಕತ್ತರಿ ಬಿಟ್ಟೆ. ಚರ್ಮ ಹಾಳಾಗುತ್ತಿದೆ, ಬೆರಳೂ. ಟ್ರಾಮ್ ರಸ್ತೆ ದಾಟಲು ಮಿಲಾದಾ ತೋಳು ಹಿಡಿಯುತ್ತಾಳೆ. ಎದುರು ಸಿಕ್ಕವರು ನಾವು ಪ್ರೇಮಿಗಳು ಎಂದುಕೊಳ್ಳಲಿ ಎಂದು ಟೋಪಿ ಓರೆ ಮಾಡಿಕೊಳ್ಳುತ್ತೇನೆ. ಮಿಲಾದಾ ನಗುತ್ತಾಳೆ. ಈಚೆಗೆ ನಗುವುದು ಕಡಿಮೆ.

ಕಿಟಕಿ ಪಕ್ಕಕ್ಕೆ ಅಪ್ಪನ ಸ್ಟೂಲು ಬಂದಿದೆ. ಯಾರು ತಂದಿಟ್ಟರೆಂದು ಕೇಳಲಿಲ್ಲ.

ಡಿಸೆಂಬರ್ 6, ಶುಕ್ರವಾರ

ನದಿ ಹೆಪ್ಪುಗಟ್ಟಿತಂತೆ. ಬೀದಿಯಲ್ಲಿ ಸ್ಕೇಟ್ಸ್ ಕಣಕಣ ಎನ್ನುತ್ತ ಹೋದವು. ಕಿಟಕಿ ಮುಚ್ಚಲು ಹೇಳಿದೆ.

1913, ಜನವರಿ 23, ಗುರುವಾರ

ಸಾಲು ತಪ್ಪದಿರಲೆಂದು ಹಾಳೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ನಡುವೆ ಉಳಿದಿದ್ದ ತುಣುಕೂ ಈಗ ಹಾಲಿನಲ್ಲಿ ಅದ್ದಿದ ಹಾಗಿದೆ.

ತಂಡ ಇವತ್ತು ಮ್ಯೂನಿಕ್‌ಗೆ ಹೊರಟಿತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಕ್ವಿಡೋ ಅಂಗಡಿಗೆ ನುಗ್ಗಿದ. ಹಿಮದ ವಾಸನೆ, ಕೊರಳಿಗೆ ನೇತು ಹಾಕಿದ ಸ್ಕೇಟ್ಸಿನ ಸದ್ದು.

"ಏನೋ ಮುದುಕಪ್ಪಾ, ಸ್ಟೂಲಿಗೆ ಬೇರು ಬಿಟ್ಕೊಂಡ್ಯಾ?"

"ಹೋಗೋ, ರೈಲು ತಪ್ಪುತ್ತೆ."

"ವಿಯೆನ್ನಾದೋರೂ ಬರ್ತಿದಾರೆ. ಈ ಸಲ ಮರ್ಯಾದಸ್ತರು, ಸದಸ್ಯರಂತೆ."

"ಮೆಥೋಡ್‌ಗೆ ಹೇಳು, ಅವರು ಯಾವಾಗ್ಲೂ ನಡುವೇನೇ ಬರೋದು ಅಂತ."

ನಕ್ಕ. ಆಮೇಲೆ ಕಾಲು ಬದಲಿಸುತ್ತ ನಿಂತಿದ್ದ. "ಎದ್ದೇಳೋ," ಎಂದ ಇದ್ದಕ್ಕಿದ್ದ ಹಾಗೆ. "ಒಂದು ಹೊಡೀತೀನಿ. ಬಿಲ್ಲೆ ಜೇಬಲ್ಲೇ ಇದೆ."

"ಅಂಗಡಿ ಕಣೋ ಇದು, ಗಾಜಿದೆ!" ಎಂದಳು ಅಮ್ಮ. ಆಮೇಲೆ ಏನೂ ಅನ್ನಲಿಲ್ಲ.

ಎದ್ದೆ. ಕಪಾಟಿಗೆ ಬೆನ್ನು. ಮೊಣಕಾಲು ತಾನಾಗಿ ಬಾಗಿತು. ಅವನು ಹಿಂದೆ ಸರಿದದ್ದು ಕೇಳಿಸಿತು, ಕೋಲು ಹಲಗೆಗೆ ಬಡಿದದ್ದು ಕೇಳಿಸಿತು — ಟಕ್, ಟಕ್. ಎದೆ ಹೊಡೆದುಕೊಳ್ಳುತ್ತಿತ್ತು. ವರ್ಷದಿಂದ ಹಾಗೆ ಹೊಡೆದುಕೊಂಡಿರಲಿಲ್ಲ.

"ಎಡಕ್ಕೆ!"

ಕೈ ಹೋಯಿತು. ಬೆರಳು ಮಡಚಿದೆ. ಬಿಲ್ಲೆ ಒಳಗಿತ್ತು.

ಮಿಲಾದಾ ಚಪ್ಪಾಳೆ ತಟ್ಟಿದಳು. "ನೋಡಿದ್ರಾ! ನೋಡಿದ್ರಾ ಇವನ್ನ!" ಎಂದು ಕ್ವಿಡೋ ಕೂಗಿದ. ನಾನು ನಗುತ್ತಿದ್ದೆ. "ಒಳ್ಳೇ ಹೊಡೆತ ಕಣೋ" ಎಂದೆ. ಅವನು ಬಂದು ಬಿಗಿಯಾಗಿ ತಬ್ಬಿಕೊಂಡ, ಕೆನ್ನೆ ಒದ್ದೆಯಾಗಿತ್ತು. ಹಿಮ ಇರಬೇಕು ಎಂದುಕೊಂಡೆ. ಬಿಲ್ಲೆ ನನ್ನ ಹತ್ತಿರವೇ ಇರಲಿ ಎಂದು ಓಡಿದ.

ಬಾಗಿಲು ಮುಚ್ಚಿತು. ಬಿಲ್ಲೆ ಕೈಯಲ್ಲೇ ಇತ್ತು. ಬೆಚ್ಚಗಿತ್ತು. ಮುಷ್ಟಿಯಲ್ಲಿ ಬಹಳ ಹೊತ್ತು ಹಿಡಿದಿದ್ದ ಹಾಗೆ.

ಅಂಗೈ ಉರಿಯಲಿಲ್ಲ. ಕೈಗವಸಿಲ್ಲದ ಬರಿಗೈ, ಉರಿಯಲೇ ಇಲ್ಲ. ಮಿಲಾದಾ ಚಪ್ಪಾಳೆಗೆ ಮೊದಲು ಒಂದು ಕ್ಷಣ ತಡೆದಿದ್ದಳು.

"ಅಮ್ಮಾ, ಅವನು ಹೊಡೆದನಾ?"

"ಹೊಡೆದ ಕಣಪ್ಪಾ. ಎಂಥಾ ಜೋರು! ನೀನು ಹಿಡಿದೆ."

ಆ ದನಿ ನನಗೆ ಗೊತ್ತು. ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡ ದನಿ ಅದು.

ಮತ್ತೆ ಕೂತೆ. ಮಧ್ಯಾಹ್ನವೆಲ್ಲ ಚರ್ಮ ಆರಿಸಿದೆ — ಮೇಕೆಮರಿಯದು ಈ ಕಡೆ, ಕುರಿಮರಿಯದು ಆ ಕಡೆ. ಎಲ್ಲಾ ಸರಿಯಾಗಿದೆ ಎಂದಳು ಅಮ್ಮ. ಈಗಲೂ ಮೇಜಿನ ಆಚೆ ಬದಿಯಲ್ಲಿ ಇದ್ದಾಳೆ, ಹೊಲಿಗೆ ಹಾಕುತ್ತಿದ್ದೇನೆ ಎನ್ನುತ್ತಾಳೆ. ಬರೆಯುವುದು ನಿಲ್ಲಿಸಿ ಕಿವಿಗೊಟ್ಟೆ. ಸೂಜಿಯ ಸದ್ದಲ್ಲ. ಚರ್ಮದಿಂದ ಚರ್ಮ ಮೆಲ್ಲಗೆ ಬಿಡಿಸಿಕೊಳ್ಳುವ ಸದ್ದು. ಒಂದು, ಆ ಕಡೆಯಿಂದ ಈ ಕಡೆಗೆ. ಮತ್ತೊಂದು. ಮತ್ತೆ